ಚಾಪೆ ಸುತ್ತುವವರು ಯಾರು?

ಲೊರೆಶೋ, ನೈರೋಬಿ
14 ಫೆಬ್ರವರಿ 2016

ಪ್ರೀತಿಯ ಅತ್ತಿಗೆಗೆ,

ನೀವು ಕೇಳಿದ್ದು ಸಿಕ್ಕಿದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಹೇಗಿದ್ದರೂ ಆ ಸಾಲುಗಳನ್ನು ನೀವು ಹಾರಿಸಿಕೊಂಡೇ ಓದುವವರು.

ನಮ್ಮ ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ ಜೈನಬು ಎಂಬ ಹುಡುಗಿ ಇದ್ದಾಳೆ. ಅವಳ ತಾಯಿ ಸೊಮೊಯೆ, ಎಲ್ಲರ ಬಾಯಲ್ಲಿ ಬಿಬಿ, ಅಂದರೆ ಅಜ್ಜಿ. ತಾಂಜಾನಿಯಾದ ದಕ್ಷಿಣದ ತುಂದೂರು ಕಡೆಯವರು, ಯಾಓ ಜನ. ಈಗ ಮಗಳ ಜೊತೆ ಕಸರಾನಿಯ ಫ್ಲ್ಯಾಟಿನಲ್ಲಿದ್ದಾರೆ. ಶನಿವಾರ ಅದೇ ಕಡೆಯ ಇನ್ನೂ ಕೆಲವು ಹೆಂಗಸರು ಸೇರುತ್ತಾರೆ, ಒಣಗಿದ ಮರಗೆಣಸನ್ನು ಒರಳಿಗೆ ಹಾಕಿ ಕುಟ್ಟುತ್ತಾರೆ, ಕುಟ್ಟುತ್ತಾ ಹಾಡುತ್ತಾರೆ. ಆಫ್ರಿಕಾದಲ್ಲಿ ಒನಕೆಯ ಹಾಡು ಹುಡುಕು ಎಂದು ನೀವು ಎರಡು ವರ್ಷದಿಂದ ನನ್ನ ಪ್ರಾಣ ತಿನ್ನುತ್ತಿದ್ದಿರಲ್ಲ, ಅದು ಕೊನೆಗೂ ನನ್ನ ಪಕ್ಕದ ಮೇಜಿನವಳ ಮನೆಯಲ್ಲೇ ಇತ್ತು.

ಮೊದಲ ಹಾಡು ಇದು. ಬಿಬಿ ಯಾಓ ಭಾಷೆಯಲ್ಲಿ ಹಾಡಿದರು, ಜೈನಬು ಇಂಗ್ಲಿಷಿಗೆ ತಂದಳು, ನಾನು ಕನ್ನಡಕ್ಕೆ ಎಳೆದೆ:

ಬರುವಾಗ ತಂದದ್ದು ಒಂದೇ ಚಾಪೆ,
ಈ ಒಲೆಯ ಹೊಗೆಗೆ ನನ್ನ ಗುರುತಿಲ್ಲ,
ಉಂಡೆಯಾ ಎಂದು ಕೇಳುವವರಿಲ್ಲ,
ನನ್ನವ್ವನ ಮರದ ನೆರಳು ಹೊಳೆಯಾಚೆ ಉಳಿಯಿತು,
ಚಾಪೆ ಸುತ್ತಲೇ? ಇಲ್ಲ, ಇರಲೇ?

ನನಗಂತೂ ಕಣ್ಣು ತುಂಬಿ ಬಂತು. ನಿಮ್ಮ ತಮ್ಮ ನಂದನ್ ಅವರೇ ಇದನ್ನು ಟೈಪ್ ಮಾಡಿಕೊಟ್ಟರು. ಮುಗಿಸಿದ ಮೇಲೆ ಬಹಳ ಹೊತ್ತು ಪರದೆ ನೋಡುತ್ತಾ ಕೂತಿದ್ದರು. "ಯಾಕೆ, ಕನ್ನಡ ಸರಿಯಾಗಿಲ್ವಾ?" ಎಂದೆ. "ಇಲ್ಲ, ಚೆನ್ನಾಗೇ ಇದೆ," ಎಂದು ಎದ್ದು ಹೋದರು. ಗಣಿತದ ಮೇಷ್ಟ್ರು, ಪದ್ಯ ಎಂದರೆ ಅಲರ್ಜಿ ಎಂದುಕೊಂಡೆ.

ಇನ್ನು ಕ್ಷೇಮ. ನಂದನ್ ಚೆನ್ನಾಗಿದ್ದಾರೆ. ಅಡುಗೆ ನನಗಿಂತ ರುಚಿಯಾಗಿ ಮಾಡುತ್ತಾರೆ. ಚೆನ್ನಾಗಿದ್ದಾರೆ.

ನಿಮ್ಮ,
ಜಯಾ


ಮೈಸೂರು
2 ಮಾರ್ಚ್ 2016

ಜಯಾ,

ನಿನ್ನ ಹಾಡನ್ನು ತರಗತಿಯಲ್ಲಿ ಓದಿದೆ. ಮಂಡ್ಯದ ಒಬ್ಬ ಹುಡುಗಿ ಅತ್ತೇಬಿಟ್ಟಳು. ನಮ್ಮ ಜನಪದ ವಿಭಾಗದಲ್ಲಿ ಇತ್ತೀಚೆಗೆ ಅಳುವುದಿದ್ದರೆ ಅದು ಸಂಬಳ ತಡವಾದಾಗ ಮಾತ್ರ.

ಇದು ತವರಿನ ಹಾಡು ಕಣೇ! ಬೀಸುವ ಕಲ್ಲಿನ ಮುಂದೆ ನಮ್ಮ ಹೆಣ್ಣುಮಕ್ಕಳು ಹಾಡುವುದೂ ಇದನ್ನೇ. ಗುರುತಿಲ್ಲದ ಒಲೆ, ಉಂಡೆಯಾ ಎನ್ನದ ಅತ್ತೆ, ಹೊಳೆಯಾಚೆಯ ತಾಯಿ. ಯಾಓ ಜನರಲ್ಲಿ ವಂಶ ತಾಯಿಯ ಕಡೆಯಿಂದ ಎಂದು ಓದಿದ್ದೇನೆ. ಅದರಿಂದ ಗೊಂದಲಪಡಬೇಡ. ತುಳುನಾಡಿನ ಅಳಿಯಕಟ್ಟನ್ನೇ ನೋಡು, ಆಸ್ತಿ ಹೆಣ್ಣಿನ ಕಡೆಗೆ, ಆದರೆ ಮದುವೆಯಾದವಳು ಗಂಟುಮೂಟೆ ಕಟ್ಟಿಕೊಂಡು ಹೋಗುವುದು ಗಂಡನ ಮನೆಗೇ. ಎಲ್ಲಿ ಹೋದರೂ ಹೆಣ್ಣಿನ ಪಾಡು ಒಂದೇ.

ಡಿಸೆಂಬರಿನಲ್ಲಿ ಇಲ್ಲೊಂದು ವಿಚಾರ ಸಂಕಿರಣವಿದೆ. ನೀನು ಸಂಗ್ರಹಿಸು, ನಾನು ಬರೆಯುತ್ತೇನೆ, ಇಬ್ಬರ ಹೆಸರೂ ಇರಲಿ. ಅತ್ತೆಯ ಬಗ್ಗೆ ವಿಶೇಷವಾಗಿ ಕೇಳು. ಬೈಯುತ್ತಾಳಾ, ಊಟ ಬಚ್ಚಿಡುತ್ತಾಳಾ, ಎಲ್ಲ.

ಇಲ್ಲಿನ ಕಾಲೇಜು ನಂದುವಿಗೆ ಕೊಟ್ಟ ರಜೆ ಜುಲೈಗೆ ಮುಗಿಯುತ್ತದೆ, ನಿನ್ನ ಕಂಪನಿಯ ಅವಧಿಯೂ ಆಗಲೇ ಅಲ್ಲವೇ? ಏನು ತೀರ್ಮಾನ ಮಾಡಿದ್ದೀರಿ? ಅವನು ಭಾನುವಾರ ಫೋನ್ ಮಾಡುತ್ತಾನೆ, ಹವಾಮಾನದ ವಿಷಯ ಮಾತಾಡಿ ಇಟ್ಟುಬಿಡುತ್ತಾನೆ. ಮೇಲಿನ ಕೋಣೆಗೆ ಸುಮ್ಮನೆ ಬಣ್ಣ ಹೊಡೆಸಿದೆ.

ಮೈಥಿಲಿ


ಲೊರೆಶೋ
11 ಏಪ್ರಿಲ್ 2016

ಅತ್ತಿಗೆ,

ಇದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ, ನಂದನ್ ಪಕ್ಕದಲ್ಲೇ ಇರುತ್ತಾರೆ. ಕಂಪನಿಯವರು ನನ್ನನ್ನು ಇನ್ನೂ ಎರಡು ವರ್ಷ ಇಲ್ಲೇ ಇರು ಎನ್ನುತ್ತಿದ್ದಾರೆ. ಮೂರು ದೇಶಗಳ ನೆಟ್‌ವರ್ಕ್ ನನ್ನ ಕೈಗೆ ಬರುತ್ತದೆ. ನನಗೆ ಬೇಕು ಅತ್ತಿಗೆ, ಸುಳ್ಳು ಹೇಳುವುದಿಲ್ಲ. ಆದರೆ ನಂದನ್‌ಗೆ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.

ಅವರ ವೀಸಾ ನನ್ನ ಬೆನ್ನಿಗೆ ಅಂಟಿಕೊಂಡಿರುವ ವೀಸಾ, ಅದರಲ್ಲಿ ಕೆಲಸ ಮಾಡುವಂತಿಲ್ಲ. ನಿನ್ನೆ ನ್ಗಾರಾದ ಒಂದು ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿ ಯುಗಾದಿ ಊಟ ಇಟ್ಟುಕೊಂಡಿದ್ದೆವು. ಗಂಡಸರೆಲ್ಲ ಒಂದು ಕಡೆ ಕಂಪನಿ, ಕಾರು, ಫ್ಯಾಕ್ಟರಿ ಎಂದು ಮಾತಾಡುತ್ತಿದ್ದರೆ ಇವರು ಹೆಂಗಸರ ಸಾಲಿನಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು. ಔಷಧಿ ಫ್ಯಾಕ್ಟರಿಯ ಮ್ಯಾನೇಜರ್ ಪ್ರಕಾಶ್ ದೂರದಿಂದಲೇ ಕೂಗಿದ, "ಏನ್ ನಂದನ್ ಸಾರ್, ಪೂರ್ತಿ ಮನೆ ಅಳಿಯ ಆಗ್ಬಿಟ್ರಲ್ಲಾ!" ಎಲ್ಲರೂ ನಕ್ಕರು. ನಂದನ್ ಕೂಡ ನಕ್ಕರು. ನಾನೂ ನಕ್ಕೆ, ಅದೇ ಈಗ ಚುಚ್ಚುತ್ತಿದೆ.

ಸಂಶೋಧನೆಯ ಗತಿ ಕೇಳಿ. ನಿಮ್ಮ ಅತ್ತೆಯ ಪ್ರಶ್ನೆ ಕೇಳಿದೆ, ಬಿಬಿಗೆ ಅರ್ಥವೇ ಆಗಲಿಲ್ಲ. "ಗಂಡನ ತಾಯಿ ಬೈತಾಳಾ?" ಎಂದರೆ "ಅವಳ್ಯಾಕೆ ಇಲ್ಲಿರ್ತಾಳೆ? ಅವಳು ಅವಳ ಊರಲ್ಲಿ ಇರ್ತಾಳೆ," ಎಂದರು. ಉಳಿದವರು ಮುಖ ಮುಖ ನೋಡಿಕೊಂಡರು. ಏನೋ ಮುಚ್ಚಿಡುತ್ತಿದ್ದಾರೆ.

ಇನ್ನೊಂದು ಪೇಚು. ಫ್ಲ್ಯಾಟಿನ ಕೆಳಗಿನ ಮನೆಯವರು ಒರಳಿನ ಸದ್ದಿಗೆ ಕಟ್ಟಡದ ಮಾಲೀಕನ ತನಕ ದೂರು ಒಯ್ದಿದ್ದಾರೆ. ಈಗ ಕುಟ್ಟುವಂತಿಲ್ಲ. ಕುಟ್ಟದೆ ಹಾಡಿ ಎಂದರೆ ಹಾಡು ಮೂರನೇ ಸಾಲಿಗೇ ನಿಂತುಹೋಗುತ್ತದೆ, ಒನಕೆ ಕೈಯಲ್ಲಿಲ್ಲದೆ ಅವರಿಗೆ ಮುಂದಿನದು ನೆನಪಾಗುವುದಿಲ್ಲ. ಅದಕ್ಕೆ ಒರಳನ್ನು ನಮ್ಮ ಮನೆಯ ಹಿತ್ತಲಿಗೆ ತರಿಸೋಣ ಎಂದುಕೊಂಡಿದ್ದೇನೆ.

ಜಯಾ


ಮೈಸೂರು
24 ಏಪ್ರಿಲ್ 2016

ಜಯಾ,

ಮುಚ್ಚಿಡುವುದು ಸಹಜ. ಅತ್ತೆಯ ವಿಷಯ ಯಾವ ಸೊಸೆಯೂ ಮೊದಲ ದಿನವೇ ಬಾಯಿ ಬಿಡುವುದಿಲ್ಲ. ಪ್ರಬಂಧ ಅರ್ಧ ಆಗಿದೆ. ಹೆಸರು 'ಹೊಳೆಯಾಚೆಯ ತವರು'. ಚೆನ್ನಾಗಿದೆ ತಾನೆ?

ನಂದುವಿಗೆ ಹೇಳಬೇಡಿ ಎಂದಿದ್ದೀಯ, ಹೇಳುವುದಿಲ್ಲ. ಸಹಿ ಹಾಕುವ ಮುಂಚೆ ಅವನ ಜೊತೆ ಮಾತಾಡು. ಇದಕ್ಕಿಂತ ಹೆಚ್ಚು ನಾನು ಬರೆದರೆ ತಪ್ಪಾಗುತ್ತದೆ.

ಮೈಥಿಲಿ


ಲೊರೆಶೋ
22 ಮೇ 2016

ಅತ್ತಿಗೆ,

ಪ್ರಬಂಧ ನಿಲ್ಲಿಸಿ. ಹೆಸರನ್ನಂತೂ ಈಗಲೇ ಹೊಡೆದುಹಾಕಿ. ಕೂತುಕೊಂಡು ಓದಿ.

ನಿನ್ನೆ ಶನಿವಾರ ಒರಳು ಬಂತು, ಬಾಡಿಗೆ ಮಟಾಟು ವ್ಯಾನಿನ ಹಿಂದಿನ ಸೀಟಿನಲ್ಲಿ, ಎರಡೂ ಪಕ್ಕ ಹೆಂಗಸರನ್ನು ಕೂರಿಸಿಕೊಂಡು. ಹಿತ್ತಲಿನ ಬೆಣ್ಣೆಹಣ್ಣಿನ ಮರದ ಕೆಳಗೆ ಇಟ್ಟರು. ನಂದನ್ ಎಲ್ಲರಿಗೂ ಚಹಾ ಕೊಟ್ಟರು, ಮಂಡಕ್ಕಿ ಒಗ್ಗರಣೆ ಕೊಟ್ಟರು, ಆಮೇಲೆ ಯಾರ ದಾರಿಗೂ ಅಡ್ಡ ಬಾರದ ಹಾಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತರು. ಬಿಬಿ ಕುಟ್ಟುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. "ಇವನ ತಾಯಿ ಮನೆ ಎಲ್ಲಿ?" ಎಂದು ಕೇಳಿದರು. ಇಂಡಿಯಾ ಎಂದೆ. "ಇವನು ಇಲ್ಲಿಗೆ ಬಂದದ್ದು ಯಾಕೆ?" ನನ್ನ ಕೆಲಸಕ್ಕೆ ಎಂದೆ. "ಹಾಗಾದ್ರೆ ಇದು ನಿನ್ನ ಮನೆ," ಎಂದರು. ನಾನು ಹೌದು ಎಂದೆನೋ ಇಲ್ಲ ಎಂದೆನೋ ನೆನಪಿಲ್ಲ.

ಆಮೇಲೆ ಆ ಚಾಪೆಯ ಹಾಡು ಶುರು ಮಾಡಿದರು. ಎಲ್ಲರೂ ನಂದನ್ ಕಡೆ ತಿರುಗಿ ಹಾಡಿದರು ಅತ್ತಿಗೆ! ಇಷ್ಟು ತಿಂಗಳಲ್ಲಿ ಹಾಗೆ ಹಾಡಿದ್ದು ಇದೇ ಮೊದಲು. ಚಾಪೆ ಸುತ್ತಲೇ, ಇರಲೇ ಎಂಬಲ್ಲಿಗೆ ಹಾಡು ಮುಗಿಯಿತು ಎಂದು ನಾನು ರೆಕಾರ್ಡರ್ ಕಡೆ ಕೈ ಚಾಚಿದೆ. ಮುಗಿದಿರಲಿಲ್ಲ. ಬಿಬಿ ಒಬ್ಬರೇ ಎತ್ತಿಕೊಂಡರು:

ಚಾಪೆ ಸುತ್ತಬೇಡ, ಮೊದಲು ಬಾಯಿ ಬಿಡು,
ಯಾವ ಹೊಲ ಬೇಕು, ಕೈ ಮಾಡಿ ತೋರು,
ಹೇಳಿ ಹೋದವನು ಮತ್ತೆ ಬಂದಾನು,
ಹೇಳದೆ ಹೋದವನಿಗೆ ದಾರಿ ಮರೆತೀತು.

"ಇದನ್ನ ಯಾಕೆ ಇಷ್ಟು ದಿನ ಹಾಡ್ಲಿಲ್ಲ?" ಎಂದು ಜೈನಬುವಿನ ಬಾಯಲ್ಲಿ ಕೇಳಿಸಿದೆ. ಬಿಬಿಗೆ ನಗು. "ಯಾರಿಗೆ ಅಂತ ಹಾಡ್ಲಿ? ಅಳುವ ಗಂಡಸು ಎದುರಿಗೆ ಇದ್ರೆ ತಾನೇ ಉತ್ತರ?"

ಅಳುವ ಗಂಡಸು! ಇಷ್ಟು ತಿಂಗಳೂ ನಾನು ಕೇಳಿದ್ದು ಅತ್ತೆ ಹೇಗೆ, ನಾದಿನಿ ಹೇಗೆ ಎಂದು. ಅಳುತ್ತಿರುವುದು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ. ಹಾಡಿನಲ್ಲಿ ಅಳು ಇದ್ದರೆ ಅದು ಹೆಣ್ಣಿನದೇ ಎಂದು ನಾವಿಬ್ಬರೂ ಹುಟ್ಟಿದಾಗಿನಿಂದ ನಂಬಿದವರು. ಅವರ ಕಡೆ ಮದುವೆಯಾದ ಗಂಡು ಚಾಪೆ ತೆಗೆದುಕೊಂಡು ಹೆಂಡತಿಯ ಊರಿಗೆ ಬರುತ್ತಾನೆ. ಹೆಂಡತಿಗೆ ತಾಯಿ, ಅಕ್ಕತಂಗಿಯರು ಎಲ್ಲ ಸುತ್ತಮುತ್ತ. ಅವನಿಗೆ ಯಾರೂ ಇಲ್ಲ. ಗಂಡಸು, ಬಾಯಿ ಬಿಟ್ಟು ಹೇಳಿದರೆ ಮರ್ಯಾದೆ ಹೋಗುತ್ತದೆ. ಅವನ ಮುಖ ಸಣ್ಣದಾದದ್ದು ಕಂಡರೆ ಹೆಂಗಸರೇ ಒರಳಿನ ಮುಂದೆ ಅವನ ಅಳುವನ್ನು ಹಾಡುತ್ತಾರೆ, ಅವನು ಕೇಳಿಯೂ ಕೇಳದ ಹಾಗೆ ಕೂರಬಹುದು. ಅತ್ತೆಯಾದವಳು ಉತ್ತರ ಹಾಡುತ್ತಾಳೆ. ಬಿಬಿಯ ಊರಿನಲ್ಲಿ ಹೀಗೆ, ಪಕ್ಕದ ಊರಿನದು ತನಗೆ ಗೊತ್ತಿಲ್ಲ ಎಂದರು. "ನಿನ್ನ ತಾಯಿ ಇಲ್ಲಿಲ್ಲ, ಅದಕ್ಕೆ ನಾನೇ ಹಾಡ್ದೆ. ಉತ್ತರ ಹಾಡಿದ ಮೇಲೆ ಹೆಂಡತಿ ಕೇಳ್ಲೇಬೇಕು. ಕೇಳು."

ತಿರುಗಿ ನೋಡಿದರೆ ನಂದನ್ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಜೈನಬು ನನಗೆ ಹೇಳಿದ್ದು ಅವರ ತನಕ ಕೇಳಿಸಿರಲಿಲ್ಲ. ಮೊದಲ ಭಾಗವನ್ನು ರೆಕಾರ್ಡಿಂಗ್ ಕೇಳುತ್ತಾ ಅವರೇ ಟೈಪ್ ಮಾಡಿದ್ದರಲ್ಲ, ರಾಗದ ಗುರುತು ಹತ್ತಿರಬೇಕು. ಅಳುತ್ತಿದ್ದರು ಅತ್ತಿಗೆ. ನನಗೆ ನನ್ನ ಮೇಲೆಯೇ ಎಂಥ ಸಿಟ್ಟು ಬಂತು ಎಂದರೆ, ಯುಗಾದಿಯ ದಿನ ನಕ್ಕ ಬಾಯಿಗೆ ಹೊಡೆದುಕೊಳ್ಳಬೇಕು ಅನ್ನಿಸಿತು.

ಹೆಂಗಸರು ಅಸಾಂಟೆ ಎಂದು ಧನ್ಯವಾದ ಹೇಳಿ ಹೊರಟ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಕೇಳಿದೆ.

"ನಂದನ್, ನಿಮಗೇನು ಬೇಕು? ಸರಿಯಾಗಿ ಹೇಳಿ."

"ಜುಲೈಗೆ ವಾಪಸ್ ಹೋಗೋಣ ಅಂತಿದ್ದೆ. ನಾನೊಬ್ನೇ. ನೀನು ಇಲ್ಲೇ ಕಂಟಿನ್ಯೂ ಮಾಡು."

"ನನಗೆ ಎಕ್ಸ್‌ಟೆನ್ಶನ್ ಬಂದಿರೋದು ನಿಮಗೆ ಗೊತ್ತಾ?"

"ಗೊತ್ತು. ನಿಮ್ಮ ಬಾಸು ಪಾರ್ಟಿಯಲ್ಲಿ ಕಂಗ್ರಾಟ್ಸ್ ಹೇಳಿದ್ರು. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ನಾನು ಸಹಿ ಹಾಕಿಲ್ಲ ಎಂದೆ. ಅವರು ನಂಬಲಿಲ್ಲ, ಆಮೇಲೆ ನಂಬಿದರು. ಸ್ವಲ್ಪ ಜಗಳವನ್ನೂ ಆಡಿದೆವು, ಬಹಳ ದಿನದ ಮೇಲೆ. ಕೊನೆಗೆ ಹೇಳಿದರು, "ಮೈಸೂರೇ ಆಗ್ಬೇಕು ಅಂತೇನಿಲ್ಲ ಜಯಾ. ನನಗೆ ಪಾಠ ಮಾಡ್ಬೇಕು, ಅಷ್ಟೆ. ಎರಡು ವರ್ಷದಿಂದ ನನ್ನ ಹತ್ರ ಯಾರೂ ಒಂದು ಲೆಕ್ಕ ಕೇಳಿಲ್ಲ."

ಅವರು ಒಬ್ಬರೇ ಬರುವ ವಿಷಯ ನಿಮಗೆ ಗೊತ್ತಿತ್ತೇ?

ಜಯಾ


ಮೈಸೂರು
29 ಮೇ 2016

ಜಯಾ,

ಗೊತ್ತಿತ್ತು. ಫೆಬ್ರವರಿಯಿಂದ ಗೊತ್ತಿತ್ತು. ಹವಾಮಾನದ ಮಾತು ಎಂದು ಬರೆದದ್ದು ಸುಳ್ಳು, ಪ್ರತಿ ಭಾನುವಾರ ಅವನು ಅದನ್ನೇ ಮಾತಾಡುತ್ತಿದ್ದ. ಹೇಳಬೇಡ ಅಕ್ಕ ಎಂದು ಅವನೂ ಭಾಷೆ ತೆಗೆದುಕೊಂಡಿದ್ದ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳದೆ ನಾನು ದೊಡ್ಡ ಮನುಷ್ಯಳಾಗಿ ಕೂತಿದ್ದೆ. ನಿಜ ಹೇಳಲೇ? ಅವನು ಬರಲಿ ಎಂದು ನನಗೆ ಆಸೆಯಿತ್ತು. ಅವನೊಬ್ಬನೇ ಬಂದರೆ ನಿನ್ನ ಗತಿಯೇನು ಎಂದು ಯೋಚಿಸಿದೆ, ಆದರೂ ಕೋಣೆಗೆ ಬಣ್ಣ ಹೊಡೆಸಿದೆ. ಬೈಯುವುದಿದ್ದರೆ ಬೈದುಬಿಡು.

ಪ್ರಬಂಧದ ವಿಷಯ. ಮೂವತ್ತು ಪುಟ ಒಲೆಗೆ ಹಾಕುವ ಹಾಗಾಯಿತು, ಗ್ಯಾಸ್ ಒಲೆಯಾದ್ದರಿಂದ ಉಳಿದುಕೊಂಡಿದೆ. ನನ್ನನ್ನು ಕೆಡಿಸಿದ್ದು ಅಳಿಯಕಟ್ಟು. ತಾಯಿಯ ವಂಶ ಎಂದ ಕೂಡಲೇ ತುಳುನಾಡು ನೆನಪಾಯಿತು, ತುಳುನಾಡಿನಲ್ಲಿ ಹೆಣ್ಣೇ ಹೋಗುವುದು, ಹಾಗಾಗಿ ಇಲ್ಲೂ ಹೆಣ್ಣೇ ಹೋದಳು ಎಂದು ಕಣ್ಣು ಮುಚ್ಚಿ ಬರೆದೆ. ಗಂಡಸು ರಾತ್ರಿ ಯಾರ ಮನೆಯಲ್ಲಿ ಮಲಗುತ್ತಾನೆ ಎಂದು ಕೇಳಲಿಲ್ಲ. ಅವರ ಬಗ್ಗೆ ಇರುವ ಪುಸ್ತಕ ತೆಗೆದರೆ ಎರಡನೇ ಅಧ್ಯಾಯದಲ್ಲೇ ಅದನ್ನು ಬರೆದಿದ್ದಾರೆ. ಅಲ್ಲಿ ಎಲ್ಲ ಅಳಿಯಂದಿರೂ ಮನೆ ಅಳಿಯಂದಿರೇ. ನಮ್ಮಲ್ಲಿ ಅದು ಬೈಗುಳ, ಅವನಿಗಾಗಿ ಒಂದು ಹಾಡೂ ಇಲ್ಲ. ಗಂಡಸು ಅಳಬಾರದು ಎಂಬುದು ಅಲ್ಲೂ ಇದೆ. ಆದರೆ ಅವನ ಪರವಾಗಿ ಅಳುವುದಕ್ಕೆ ಹೆಂಗಸರಿದ್ದಾರೆ. ಜಯಾ, ನಮ್ಮ ಪ್ರಬಂಧ ಇರಬೇಕಾದದ್ದು ಇದರ ಬಗ್ಗೆ! ಬಿಬಿ ಒಪ್ಪಿದರೆ ಅವರ ಹೆಸರೂ ನಮ್ಮ ಜೊತೆ ಇರಲಿ.

ನಂದುವಿಗೆ ಪಾಠ ಮಾಡಲು ಅಲ್ಲಿ ಜಾಗವಿದೆಯಾ ಹುಡುಕು. ಇಲ್ಲಿನ ಕಾಲೇಜಿನವರು ಜುಲೈ ಹತ್ತರೊಳಗೆ ಬರುತ್ತಾನೋ ಇಲ್ಲವೋ ತಿಳಿಸಬೇಕಂತೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತಿದೆ, ಅದನ್ನೂ ಹೇಳಿಬಿಟ್ಟೆ.

ಮೈಥಿಲಿ


ಲೊರೆಶೋ
3 ಜುಲೈ 2016

ಅತ್ತಿಗೆ,

ಬೈಯಬೇಕು ಎಂದು ಎರಡು ಸಲ ಬರೆಯಲು ಕೂತೆ. ನಾನೂ ನಿಮ್ಮ ಕೈಯಲ್ಲಿ ಗುಟ್ಟು ಇಡಿಸಿದವಳೇ, ಬಾಯಿ ಮುಚ್ಚಿಕೊಂಡೆ.

ನ್ಗಾರಾದಲ್ಲಿ ಒಂದು ಹಳೆಯ ಶಾಲೆ, ಅವರ ಗಣಿತದ ಮೇಷ್ಟ್ರು ಕೆನಡಾಗೆ ಹೋಗಿದ್ದಾರೆ. ನಂದನ್ ಒಂದು ದಿನ ಡೆಮೊ ಪಾಠ ಮಾಡಿ ಬಂದರು. ಅಂಗಿಯ ತೋಳಿನ ತುಂಬ ಸೀಮೆಸುಣ್ಣ, ಮುಖ ನೋಡಬೇಕಿತ್ತು ನೀವು. ಶಾಲೆಯವರು ಒಪ್ಪಿದ್ದಾರೆ. ಆದರೆ ವರ್ಕ್ ಪರ್ಮಿಟ್ ಬರಬೇಕು, ಯಾವಾಗ ಎಂದು ಯಾರೂ ಹೇಳುವುದಿಲ್ಲ. ಬಾರದೆಯೂ ಹೋಗಬಹುದು. ನಿಮ್ಮ ಕಾಲೇಜು ಅಷ್ಟು ದಿನ ಕಾಯುವುದಿಲ್ಲ. ಅದನ್ನು ಬಿಟ್ಟು ಇದೂ ಕೈಕೊಟ್ಟರೆ?

ನಾನು, "ಹೋಗಿ ನಂದನ್, ನಾನೂ ಒಂದು ವರ್ಷ ಬಿಟ್ಟು ಬರ್ತೀನಿ," ಎಂದೆ. ಮನಸ್ಸಿನಿಂದಲೇ ಹೇಳಿದೆ. ಅವರು ಯೋಚಿಸಿ, "ಎಕ್ಸ್‌ಟೆನ್ಶನ್ ಎರಡು ವರ್ಷ ಬೇಡ, ಒಂದಕ್ಕೆ ಕೇಳು. ಆಮೇಲಿನದ್ದು ಇಬ್ರೂ ಕೂತು ಡಿಸೈಡ್ ಮಾಡೋಣ. ನಾನು ಪರ್ಮಿಟ್‌ಗೆ ಕಾಯ್ತೀನಿ," ಎಂದರು. ಕಂಪನಿಯವರು ಗೊಣಗುತ್ತಾ ಒಂದು ವರ್ಷಕ್ಕೆ ಒಪ್ಪಿದ್ದಾರೆ, ಮೂರು ದೇಶದ ಬದಲು ಎರಡೇ ಸಿಕ್ಕಿತು. ಪರವಾಗಿಲ್ಲ ಎನ್ನುತ್ತೇನೆ, ಸ್ವಲ್ಪ ಉರಿಯುತ್ತದೆ.

ನಂದನ್ ನಿನ್ನೆ ಕಾಲೇಜಿಗೆ ಬರುವುದಿಲ್ಲ ಎಂದು ಬರೆದರು. ನಿಮಗೆ ಅವರೇ ಫೋನ್ ಮಾಡುತ್ತಾರೆ. ಈ ಸಲ ನಿಜವಾಗಿ ಹವಾಮಾನದ ಬಗ್ಗೆ ಮಾತಾಡಿದರೂ ಕೋಪ ಮಾಡಿಕೊಳ್ಳಬೇಡಿ, ಇಲ್ಲಿ ಜುಲೈ ಅಂದರೆ ವಿಪರೀತ ಚಳಿ.

ಬಿಬಿ ಒಪ್ಪಿದ್ದಾರೆ. ಹೆಸರು ದೊಡ್ಡ ಅಕ್ಷರದಲ್ಲಿ ಇರಬೇಕಂತೆ.

ಜಯಾ


ಮೈಸೂರು
20 ಡಿಸೆಂಬರ್ 2016

ಜಯಾ,

ಸಂಕಿರಣ ಮುಗಿಯಿತು. ಮೂವರ ಹೆಸರೂ ಪರದೆಯ ಮೇಲೆ ಬಂತು, ಬಿಬಿಯದು ಎಲ್ಲರಿಗಿಂತ ದಪ್ಪಕ್ಷರದಲ್ಲಿ. ಮೊದಲ ಅರ್ಧ ಗಂಟೆ ನಾವು ಎಲ್ಲಿ ಎಡವಿದೆವು ಎಂದೇ ಹೇಳಿದೆ. ಒಬ್ಬ ಹಿರಿಯರು ಎದ್ದು, "ನಮ್ಮ ಮನೆ ಅಳಿಯಂದಿರ ಹಾಡು ಯಾರಾದರೂ ಹುಡುಕಿದ್ದೀರಾ?" ಎಂದು ಕೇಳಿದರು. ಯಾರೂ ಹುಡುಕಿಲ್ಲ. ಮಂಡ್ಯದ ಆ ಹುಡುಗಿ ಅದನ್ನೇ ತನ್ನ ಪಿಎಚ್‌ಡಿ ವಿಷಯ ಮಾಡಿಕೊಂಡಿದ್ದಾಳೆ. ಪ್ರಬಂಧ ಪುಸ್ತಕದಲ್ಲಿ ಬರುತ್ತದೆ.

ಪರ್ಮಿಟ್ ಬಂತು ಎಂದು ಅಕ್ಟೋಬರಿನಲ್ಲಿ ನಂದು ಫೋನಿನಲ್ಲಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಈಗ ಭಾನುವಾರ ಫೋನ್ ಮಾಡುವುದನ್ನೇ ಮರೆಯುತ್ತಾನೆ. ಮೇಲಿನ ಕೋಣೆಯನ್ನು ಆ ಹುಡುಗಿಗೇ ಬಾಡಿಗೆಗೆ ಕೊಟ್ಟೆ. ಸಂಜೆ ಇಬ್ಬರೂ ಸೇರಿ ಹಾಡು ಕೇಳುತ್ತೇವೆ.

ಒಂದು ಕೆಲಸ ಉಳಿದಿದೆ. ನಮ್ಮ ಧ್ವನಿಸಂಗ್ರಹಕ್ಕೆ ಬಿಬಿಯ ಉತ್ತರದ ಹಾಡು ಬೇಕು. ನೀನು ಕಳಿಸಿದ್ದರಲ್ಲಿ ಪಕ್ಕದ ಮನೆಯ ನಾಯಿ ಬೊಗಳುತ್ತದೆ, ಕೊನೆಯ ಸಾಲಿನ ಮೇಲೆ ನಂದು ಮೂಗು ಒರೆಸಿಕೊಳ್ಳುವ ಸದ್ದು ಇದೆ. ಸಂಗ್ರಹದವರು ಸ್ವಚ್ಛವಾದದ್ದು ಕೊಡಿ ಎನ್ನುತ್ತಾರೆ. ಒಮ್ಮೆ ಮತ್ತೆ ಹಾಡಿಸಿ ಕಳಿಸು.

ಮೈಥಿಲಿ


ಲೊರೆಶೋ
8 ಜನವರಿ 2017

ಪ್ರೀತಿಯ ಅತ್ತಿಗೆಗೆ,

ನಿನ್ನೆ ಅದಕ್ಕಾಗಿಯೇ ಎಲ್ಲರನ್ನೂ ಕರೆದೆ. ಹೊಸ ಮೈಕು, ಪಕ್ಕದ ಮನೆಯವರನ್ನು ಬೇಡಿಕೊಂಡು ನಾಯಿಯನ್ನು ಒಳಗೆ ಕಟ್ಟಿಸಿದ್ದಾಯಿತು. ನಂದನ್ ಅದೇ ಮೆಟ್ಟಿಲ ಮೇಲೆ ಕೂತರು, ಕೈಯಲ್ಲಿ ಪರೀಕ್ಷೆಯ ಪೇಪರುಗಳ ಕಟ್ಟು. ಹೆಂಗಸರು ಕುಟ್ಟಿದರು, ಬೇರೆ ಏನೇನೋ ಹಾಡಿದರು. ಆ ಹಾಡು ಬರಲಿಲ್ಲ. ನಾನು ಕೇಳಿದೆ. ಬಿಬಿ ಇಲ್ಲ ಎಂದು ತಲೆ ಆಡಿಸಿದರು.

ನಂದನ್ ಕೆಲಸ ಸುಲಭ ಮಾಡೋಣ ಎಂದು ಮುಖ ಜೋಲು ಹಾಕಿಕೊಂಡು, ಕೆನ್ನೆಯ ಮೇಲೆ ಕೈ ಇಟ್ಟು ಕೂತರು. ನಟನೆ ನೋಡಲಾಗುವುದಿಲ್ಲ ಅತ್ತಿಗೆ. ಹೆಂಗಸರು ಒನಕೆ ಬಿಟ್ಟು ನಕ್ಕರು. ಅಷ್ಟರಲ್ಲಿ ಯಾವನೋ ವಿದ್ಯಾರ್ಥಿ ವೃತ್ತದ ವ್ಯಾಸಕ್ಕೆ ಏನು ಬರೆದಿದ್ದನೋ, ಇವರು ಪೇಪರ್ ನೋಡಿ ತಾವೇ ಗಹಗಹಿಸಿ ನಕ್ಕುಬಿಟ್ಟರು.

"ನೋಡು," ಎಂದರು ಬಿಬಿ. "ಇವನಿಗೆ ಹೇಗೆ ಹಾಡೋದು? ನನ್ನದು ಸುಳ್ಳಿನ ಬಾಯಲ್ಲ."

ನಾನು ಮತ್ತೆ ಕೇಳಲಿಲ್ಲ. ಸಂಗ್ರಹದವರಿಗೆ ನಾಯಿ ಬೊಗಳಿದ್ದನ್ನೇ ಕೊಟ್ಟುಬಿಡಿ. ಸ್ವಚ್ಛವಾದದ್ದು ಈ ಮನೆಯಲ್ಲಿ ಸದ್ಯಕ್ಕೆ ಸಿಗುವುದಿಲ್ಲ.

ನಿಮ್ಮ,
ಜಯಾ